ಹೂಂ ಎಂದವಳ ಮುಖ

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಮಹಿಳಾ ಪೇದೆ. ಬೀದಿಯವರಿಗೆಲ್ಲ ಅವರು ಪೊಲೀಸಮ್ಮ. ಸಂಜೆಯಾದರೆ ಟಿವಿಯ ಪತ್ತೇದಾರಿ ಧಾರಾವಾಹಿ ನೋಡಲು ನಮ್ಮ ಮನೆಗೆ ಬರುತ್ತಿದ್ದರು. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತು, ಅವರೆಕಾಯಿ ಸುಲಿಯುತ್ತಲೇ ಕಥೆಯ ಎಳೆ ಬಿಡಿಸುತ್ತಿದ್ದರು. ನಾವು ಸಂಭಾಷಣೆಗೆ ಮರುಳಾದರೆ, "ಮಾತು ಬುಡ್ರಮ್ಮ, ಮುಖ ನೋಡ್ರಿ" ಎನ್ನುತ್ತಿದ್ದರು.

ಒಂದು ಸಂಚಿಕೆ ಇಡೀ ಕಥೆಯನ್ನೇ ತಿರುಗಿಸಿಬಿಟ್ಟಿತು. ಗಂಡ ಹೊಡೆಯುತ್ತಾನೆಂದು ಠಾಣೆಗೆ ಬಂದ ಹೆಂಗಸಿಗೆ ಒಳ್ಳೆಯ ಮನಸ್ಸಿನ ಇನ್ಸ್‌ಪೆಕ್ಟರ್ ಸಮಾಧಾನ ಹೇಳಿ, ರಾಜಿ ಮಾಡಿಸಿ, ಅವನ ಜೊತೆಗೇ ಕಳಿಸುತ್ತಾನೆ. ಮರುದಿನ ಅವಳ ಹೆಣ ಸಿಗುತ್ತದೆ. ನನ್ನ ಅತ್ತೆ ಕಣ್ಣೊರೆಸಿಕೊಳ್ಳುತ್ತಾ, "ಆ ಗಂಡನ ಕೈ ಸೇದೋಗ" ಎಂದು ಶಪಿಸಿದರು.

ಪೊಲೀಸಮ್ಮ ಸುಲಿಯುವುದನ್ನು ನಿಲ್ಲಿಸಿದ್ದರು. "ಅವನು ಹೆಂಗೂ ಪಾಪಿ, ಬುಡಿ. ಅವಳು ಸತ್ತಿದ್ದು ಠಾಣೆಲೇ ಕಣಮ್ಮ. ಮನೆಗೋಗ್ತೀಯಾ ಅಂತ ಇನ್ಸ್‌ಪೆಕ್ಟ್ರು ಕೇಳ್ದಾಗ ಗಂಡನ ಮುಖ ನೋಡಿ ಹೂಂ ಅಂದ್ಲು. ಅವರಿಗದು ಕಾಣ್ಲಿಲ್ಲ."

"ನಿಮಗೆ ಹೆಂಗೆ ಕಾಣ್ತು?" ಎಂದೆ.

ಅವರು ಮಡಿಲಿನ ಅವರೆಕಾಯಿ ಪಕ್ಕಕ್ಕಿಟ್ಟರು. "ಪಾವಗಡದ ಕಡೆಯೋಳು ಒಬ್ಳು ಇಂಗೇ ಬಂದಿದ್ಲು. 'ಪೋತಾನಕ್ಕಾ' ಅಂದ್ಲು, ತೆಲುಗಲ್ಲಿ ಹೋಗ್ತೀನಿ ಅಂತ. ಆಗ ನಂಗೂ ಕಾಣ್ಲಿಲ್ಲ. ನಾನೇ ಗಂಡನ ಜೊತೆ ಬಸ್ ಹತ್ತಿಸ್ದೆ. ಆಮೇಲೆ ಅವಳು ಉಳೀಲಿಲ್ಲ."

ಅವರು ಅಂಗೈಯನ್ನೇ ನೋಡಿಕೊಳ್ಳುತ್ತಾ ಹೇಳಿದರು: "ಬಸ್ ಹತ್ತೋವಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕಂಡಿದ್ಲು ಕಣಮ್ಮ. ಹೊತ್ತಾಯ್ತದೆ ಅಂತ ನಾನೇ ಬಿಡಿಸ್ಕಂಡೆ."