ನೀರು ಬಿಡದ ಹಾಳೆ

2022ರಲ್ಲಿ ನಾನು ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾಗದದ ಮಿಲ್ಲಿನಲ್ಲಿ ಕ್ವಾಲಿಟಿ ಕಂಟ್ರೋಲ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಹಳೆಯ ರಟ್ಟಿನ ಪೆಟ್ಟಿಗೆ ಕರಗಿಸಿ ಹೊಸ ಪೆಟ್ಟಿಗೆಗೆ ಬೇಕಾದ ಕಂದು ಕಾಗದ ಮಾಡುವುದು ನಮ್ಮ ಕಸುಬು. ಕರಗಿಸಿದಷ್ಟೂ ಸಲ ನಾರು ಮೋಟಾಗುತ್ತದೆ, ಹಾಳೆ ಬಲ ಕಳೆದುಕೊಳ್ಳುತ್ತದೆ. ಟೊಮೆಟೊ ತುಂಬಿ ಕೇರಳಕ್ಕೆ ಕಳಿಸಿದರೆ ಗುಂಡ್ಲುಪೇಟೆ ದಾಟುವುದರೊಳಗೆ ನಿಮ್ಮ ಪೆಟ್ಟಿಗೆಯ ತಳ ಬಾಯಿ ಬಿಡುತ್ತದೆ ಎಂದು ವ್ಯಾಪಾರಿಗಳು ನನ್ನ ಮುಖಕ್ಕೇ ಹೇಳುತ್ತಿದ್ದರು.

ಆಗ ಹಿಡಿದ ದಾರಿ ಬ್ಯಾಕ್ಟೀರಿಯಲ್ ಸೆಲ್ಯುಲೋಸ್. ಮರದ ನಾರೂ ಸೆಲ್ಯುಲೋಸೇ. ಆದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಸಕ್ಕರೆಯ ಅಂಶವಿರುವ ನೀರಿನಲ್ಲಿ ಬೆಳೆಯುತ್ತ, ಅದೇ ವಸ್ತುವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ನೇಯ್ದು ಮೇಲೆ ಕೆನೆ ಕಟ್ಟುತ್ತದೆ. ಆ ಕೆನೆಯನ್ನು ತೊಳೆದು, ಅರೆದು, ರಟ್ಟು ಕರಗಿಸಿದ ಪಲ್ಪಿಗೆ ಸ್ವಲ್ಪ ಬೆರೆಸಿದರೆ ಮೋಟು ನಾರುಗಳನ್ನೆಲ್ಲ ಕಟ್ಟಿ ಹಿಡಿಯುತ್ತದೆ. ಬೆಳೆಸಲು ಗುಂಡ್ಲುಪೇಟೆಯ ಕೊಬ್ಬರಿ ಶೆಡ್ಡುಗಳಲ್ಲಿ ಚರಂಡಿಗೆ ಸುರಿಯುವ ಕಾಯಿನೀರು ಸಾಕು, ಜೊತೆಗೆ ಒಂದಿಷ್ಟು ಸಕ್ಕರೆ.

ಮಿಲ್ಲಿನ ಧೂಳಿನಲ್ಲಿ ಅದು ಬೆಳೆಯುವಂತಿರಲಿಲ್ಲ. ಹಾಗಾಗಿ ಮನೆಯಲ್ಲಿ ಬೆಳೆಸಿಕೊಡುತ್ತೀರಾ ಎಂದು ಹರದನಹಳ್ಳಿಯ ಗೌರಮ್ಮನನ್ನು ಕೇಳಿದೆ. ನಮ್ಮ ಗೋಡೌನಿನಲ್ಲಿ ವರ್ಷಗಟ್ಟಲೆ ರದ್ದಿ ಆರಿಸಿ ಅವರ ಉಸಿರಾಟ ಕೆಟ್ಟಿತ್ತು. ಧೂಳಿನ ಕೆಲಸ ಬಿಡಲೇಬೇಕೆಂದು ಡಾಕ್ಟರು ಹೇಳಿದ್ದರು. ಬೇರೆ ಕೆಲಸ ಎಲ್ಲಿದೆ ಎಂದು ಹೇಳಿರಲಿಲ್ಲ. ಪ್ರಯೋಗ ಗೆದ್ದರೆ ಊರಲ್ಲೇ ಶೆಡ್ ಹಾಕಿ ಗೌರಮ್ಮನ ಕೈಗೆ ಒಪ್ಪಿಸುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು.

ಗೌರಮ್ಮ ನಡುಕೋಣೆ ಖಾಲಿ ಮಾಡಿ ಟ್ರೇ ಜೋಡಿಸಿದರು. ಹಳೆಯ ಟ್ರೇಯ ಹುಳಿ ನೀರನ್ನು ಹೊಸದಕ್ಕೆ ಬೆರೆಸುವುದಕ್ಕೆ ಹೆಪ್ಪು ಹಾಕುವುದು ಎಂದೇ ಹೆಸರಿಟ್ಟರು. ಮೊಸರಿನ ಅಭ್ಯಾಸ ನೋಡಿ, ಗಟ್ಟಿಯಾಯಿತೇ ಎಂದು ದಿನವೂ ಟ್ರೇ ಓರೆ ಮಾಡಿ ಮೊದಲ ಸಲ ಎಲ್ಲವನ್ನೂ ಕೆಡಿಸಿದರು. ಅಲ್ಲಾಡಿಸಿದರೆ ಕೆನೆ ಮುಳುಗಿ ಚೂರುಚೂರಾಗುತ್ತದೆ. ನಾನು ರೇಗಾಡಿದೆ. ಆಮೇಲೆ ಆ ಕೋಣೆಗೆ ಅವರು ಗಂಡನನ್ನೂ ಬಿಡಲಿಲ್ಲ. ಮುಂದಿನ ಸಲದಿಂದ ಎಳನೀರಿನ ಗಂಜಿಯಂಥ ಹಾಳೆಗಳು ಎದ್ದವು.

"ಈಗ ರಾತ್ರ ನಿದ್ದ ಬತ್ತಾ ಅದ ಕನವ್ವ. ಕೆಮ್ಮು ಅರ್ಧ ನಿಂತೋಗದ," ಎಂದರು ಒಂದು ದಿನ. "ಇದೊಂದು ಕೆಲ್ಸ ಉಳ್ಕಬುಟ್ರ ಸಾಕು ನಂಗ."

ಲ್ಯಾಬಿನಲ್ಲಿ ಕೈಯಿಂದ ಮಾಡಿದ ಹಾಳೆಗಳು ಒಂದಕ್ಕಿಂತ ಒಂದು ಗಟ್ಟಿ ಬಂದವು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಲೀಕರು ಮೆಷಿನ್ ಮೇಲೆ ಒಂದು ಪಾಳಿ ಬಿಟ್ಟುಕೊಟ್ಟರು. ಅಷ್ಟಕ್ಕೇ ಗೌರಮ್ಮ ತಿಂಗಳುಗಟ್ಟಲೆ ಕೂಡಿಟ್ಟ ಕೆನೆಯೆಲ್ಲ ಬೇಕಾಯಿತು.

ಮೆಷಿನ್‌ನಲ್ಲಿ ನೀರು ನೀರಾದ ಪಲ್ಪ್ ಓಡುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಮುಗಿಯುವುದರೊಳಗೆ ನೀರು ಕೆಳಗಿಳಿದು ಹಾಳೆ ನಿಲ್ಲಬೇಕು. ಅಂದು ನೀರು ಇಳಿಯಲಿಲ್ಲ. ಒದ್ದೆ ಹಾಳೆ ರೋಲರಿಗೆ ಅಂಟಿ ಹರಿಯಿತು. ಸರಿಮಾಡಿ ಓಡಿಸಿದರೆ ಮತ್ತೆ ಹರಿಯಿತು.

"ನೀರ ಬುಡ್ತಾನೇ ಇಲ್ಲ ಮೇಡಂ," ಎಂದ ಆಪರೇಟರ್ ಸಿದ್ದರಾಜು. "ಸ್ಪೀಡ್ ಇಳಿಸ್ಲಾ?"

ವೇಗ ಅರ್ಧಕ್ಕೂ ಕೆಳಗಿಳಿದ ಮೇಲೆ ಹಾಳೆ ನಿಂತಿತು. ನಾನು ಕಂಡ ಕಾಗದಗಳಲ್ಲೇ ಗಟ್ಟಿಯಾದದ್ದು ಅದು. ಕೆನೆಯ ಪ್ರಮಾಣ ಇಳಿಸಿ ನೋಡಿದೆವು. ವೇಗ ಬಂತು, ಬಲ ಹೋಯಿತು. ನಾರನ್ನು ಕಟ್ಟಿಹಿಡಿಯುವ ಎಳೆಗಳೇ ನೀರನ್ನೂ ಕಟ್ಟಿಹಿಡಿಯುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿಸುವ ಉಪಾಯ ನನ್ನ ಬಳಿ ಇರಲಿಲ್ಲ. ಮಾಲೀಕರು ಹಾಳೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿದರು.

"ಕಾಗದ ಚೆನ್ನಾಗಿದೆ ಮೇಡಂ. ಈ ಸ್ಪೀಡಲ್ಲಿ ಮಿಲ್ ನಡೆಯಲ್ಲ," ಎಂದರು.

ಯಾರಾದರೂ ತಪ್ಪು ಮಾಡಿದ್ದರೆ ಕೂಗಾಡಿ ಹಗುರಾಗುತ್ತಿದ್ದೆ. ಯಾರೂ ಮಾಡಿರಲಿಲ್ಲ. ಆ ಸಂಜೆ ಹರದನಹಳ್ಳಿಗೆ ಸ್ಕೂಟರಿನಲ್ಲಿ ಹೋದಾಗ ಗೌರಮ್ಮ ಹೊಸ ಟ್ರೇಗಳಿಗೆ ಹೆಪ್ಪು ಹಾಕಿ ಮುಗಿಸಿದ್ದರು.

"ಕಾಗ್ದ ಗಟ್ಟಿಯಾಗಿತ್ತವ್ವ?" ಎಂದು ಕೇಳಿದರು.

"ಗಟ್ಟಿಯಾಗಿತ್ತು. ಬೇಗ ನೀರು ಬಿಡಲ್ಲ. ಮಿಲ್ಲಿಗೆ ಆಗಲ್ಲವಂತೆ," ಎಂದೆ.

ಅವರು ಟ್ರೇಗಳ ಕಡೆ ನೋಡಿದರು. "ಅದ್ರ ಗುಣನೇ ಅದಾದ್ರ ನೀ ಏನ್ ಮಾಡಿಯೆ ಬುಡವ್ವ," ಎಂದರು. ಆಮೇಲೆ ಕೇಳಿದರು, "ನಾಳಿಂದ ಗೋಡೌನ್‌ಗ ಬರ್ಲಾ?"

ಅವರಿಗೆ ಬೇರೆ ಕೆಲಸಕ್ಕಾಗಿ ಕ್ಯಾಂಟೀನ್, ಆಫೀಸು, ಗೇಟು, ಎಲ್ಲ ಕಡೆ ಕೇಳಿದೆ. ಜಾಗವಿರಲಿಲ್ಲ. ಮಾಸ್ಕ್ ತಂದುಕೊಟ್ಟೆ, ಉಸಿರು ಕಟ್ಟುತ್ತದೆಂದು ಅದನ್ನು ತೆಗೆದಿಟ್ಟು ಸೆರಗನ್ನೇ ಬಾಯಿಗೆ ಸುತ್ತಿಕೊಂಡು ರದ್ದಿಯ ಮುಂದೆ ಕುಳಿತರು. ನನಗೆ ಅಳು ಬಂತು. ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡೆ.

ಲ್ಯಾಬಿನಲ್ಲಿ ಗೆದ್ದದ್ದು ಗೆಲುವಲ್ಲ, ಮೆಷಿನ್ ಮೇಲೆ ಓಡಿದ ಮೇಲಷ್ಟೇ ಅದು ಇನ್ನೊಬ್ಬರಿಗೆ ಹೇಳುವ ಸುದ್ದಿ. ಈ ಕೆಲಸ ನನಗೆ ಕಲಿಸಿದ್ದು ಅದು. ಗೋಡೌನಿಗೆ ಹೋದಾಗ ಗೌರಮ್ಮ ಸೆರಗು ಸರಿಸಿ ಕೇಳುತ್ತಾರೆ, "ಒಸ ಪರೀಕ್ಷೆ ಏನಾರ ನಡೀತಾ ಅದವ್ವ?"

ನಡೆಯುತ್ತಿರುತ್ತದೆ. ಇಲ್ಲ ಎನ್ನುತ್ತೇನೆ.