ಹುಟ್ಟಿನಿಂದ ಬಂದದ್ದು, ವಂಶದಿಂದ ಬಂದದ್ದು

ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಗಂಡಿನ ಕಡೆಯವರು ತಟ್ಟೆ ಕೆಳಗಿಟ್ಟರೆ ಏನರ್ಥ ಅಂತ ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹೋಗಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ. ಗಂಡು ನವೀನ, ದುದ್ದದಲ್ಲಿರುವ ನನ್ನ ದೊಡ್ಡಪ್ಪನ ಮಗ ಪುಟ್ಟರಾಜಣ್ಣನ ಮಗ. ನಾನು ಮಂಡ್ಯದ ಕಾಲೇಜೊಂದರಲ್ಲಿ ಬಯಾಲಜಿ ಪಾಠ ಮಾಡುವವನಾದ್ದರಿಂದ ನನ್ನನ್ನೂ ಕಾರಿಗೆ ಹತ್ತಿಸಿಕೊಂಡಿದ್ದರು. (ಇಂಥ ಕಡೆ ಮೇಷ್ಟ್ರು ಒಬ್ಬರು ಇದ್ದರೆ ಗೌರವ ಅಂತ ಲೆಕ್ಕ. ಮಾತಾಡೋದಕ್ಕಲ್ಲ, ಕೂರೋದಕ್ಕೆ.)

ಹುಡುಗಿ ರಶ್ಮಿ ಮಳವಳ್ಳಿಯ ಸ್ಕೂಲಿನಲ್ಲಿ ಟೀಚರ್. ಹುಡುಗ ಹುಡುಗಿ ಫೋನಿನಲ್ಲಿ ಆಗಲೇ ಮಾತಾಡಿ ಒಪ್ಪಿದ್ದರು. ಇನ್ನೇನು, ತಾಂಬೂಲದ ಮಾತು ಎತ್ತಬೇಕು. ಅಷ್ಟರಲ್ಲಿ ಹುಡುಗಿಯ ಅಣ್ಣ ಮಹದೇವ ಗದ್ದೆಯಿಂದ ಬಂದ. ನಮಗೆಲ್ಲ ಕೈಮುಗಿದ. ತಂಗಿಯ ಕಡೆ ತಿರುಗಿ ಕೈಸನ್ನೆಯಲ್ಲಿ ಏನೋ ಕೇಳಿದ. ಅವಳೂ ಸನ್ನೆಯಲ್ಲೇ ಉತ್ತರ ಕೊಟ್ಟು ನಕ್ಕಳು.

ಕೇಸರಿಬಾತಿಗೆ ಹೋಗಿದ್ದ ಅತ್ತಿಗೆಯ, ಅಂದರೆ ನವೀನನ ತಾಯಿಯ, ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದಲೂ ಹೀಗೇನಾ ಅಂತ ಕೇಳಿದರು. ಹೌದು ಎಂದರು ತಾಯಿ ಜಯಮ್ಮ. ಮುಗೀತು.

ಪುಟ್ಟರಾಜಣ್ಣ ನನ್ನನ್ನು ಜಗಲಿಗೆ ಕರೆದುಕೊಂಡು ಹೋದ.

"ವಂಸದಲ್ಲೇ ಅದೆ ಕಣ್ಲಾ. ನಾಳೆ ನಮ್ ಮೊಮ್ಮಗ ಇಂಗೇ ಉಟ್ಟುದ್ರೆ ಏನ್ಮಾಡದು?"

ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಯಾವ ಅಜ್ಜನಿಗೆ ಇರುವುದಿಲ್ಲ ಅದು? ಒಳಗೆ ಬಂದು ಜಯಮ್ಮನವರನ್ನೇ ಕೇಳಿದೆ, ಮಹದೇವ ಹೊಟ್ಟೆಯಲ್ಲಿದ್ದಾಗ ನಿಮಗೆ ಜ್ವರ ಏನಾದರೂ ಬಂದಿತ್ತಾ ಅಂತ.

ಬಂದಿತ್ತಂತೆ. ಮೂರನೇ ತಿಂಗಳು ನಡೆಯುತ್ತಿದ್ದಾಗ ಜ್ವರ ಬಂದು ಮೈತುಂಬ ಕೆಂಪಗೆ ಗಂಧೆ ಎದ್ದಿತ್ತಂತೆ. ಅಮ್ಮ ಬಂದಿದ್ದಾಳೆ ಎಂದು ಬೇವಿನಸೊಪ್ಪು ಹಾಸಿ ಮಲಗಿಸಿದ್ದರಂತೆ. ಮಗುವಿಗೆ ಕಿವಿ ಕೇಳದು ಅಂತ ಗೊತ್ತಾದ ಮೇಲೆ, ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆಯೆಲ್ಲ ಮಾಡಿ, ಅದು ರುಬೆಲ್ಲಾ ಅನ್ನುವ ವೈರಸ್ಸಿನಿಂದ ಆದದ್ದು ಅಂದಿದ್ದರು. ಜಯಮ್ಮ ಆ ಮಾತನ್ನು ಮನೆಗೆ ತಂದು ಹೇಳಿದರು. ಯಾರೂ ನಂಬಲಿಲ್ಲ. ಆಕೆ ಮದ್ದೂರಿನ ಹತ್ತಿರದ ಶಿವಪುರದಿಂದ ಬಂದ ಸೊಸೆ. ದೋಷ ಶಿವಪುರದಿಂದಲೇ ಬಂದಿದೆ ಅಂತ ಅತ್ತೆ ತೀರ್ಮಾನ ಕೊಟ್ಟಾಗಿತ್ತು.

ನಾನು ಎಲ್ಲರೆದುರಿಗೂ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ.

ಕಂಜೆನಿಟಲ್ ಬೇರೆ, ಹೆರಿಡಿಟರಿ ಬೇರೆ. ಹುಟ್ಟುವಾಗಲೇ ಇದ್ದದ್ದು ಕಂಜೆನಿಟಲ್. ತಂದೆತಾಯಿಯ ಜೀನಿನಿಂದ ಇಳಿದು ಬಂದದ್ದು ಹೆರಿಡಿಟರಿ. ಕೆಲವು ಸಲ ಎರಡೂ ಒಂದೇ ಮಗುವಿನಲ್ಲಿ ಇರಬಹುದು. ಎಷ್ಟೋ ಸಲ ಇರುವುದಿಲ್ಲ. ವಂಶದ ಕಾಯಿಲೆ ನಲವತ್ತು ದಾಟಿದ ಮೇಲೆ ತಲೆಯೆತ್ತಬಹುದು. ಹುಟ್ಟಿನಿಂದ ಬಂದದ್ದು ವಂಶಕ್ಕೆ ಸಂಬಂಧವೇ ಇಲ್ಲದೆ, ಬಸುರಿಯ ಒಂದು ವಾರದ ಜ್ವರದಿಂದ ಆಗಿರಬಹುದು. ಹಾಗೆ ಆಗಿದ್ದರೆ ಅದು ತಂಗಿಯ ಮಕ್ಕಳಿಗೆ ಇಳಿಯುವುದಿಲ್ಲ. (ವಂಶದಿಂದಲೇ ಬಂದಿದ್ದರೂ ಹುಡುಗಿ ಮಾಡಿದ ತಪ್ಪೇನು? ಅದು ಬೇರೆ ಜಗಳ.) ಮಹದೇವನದು ರುಬೆಲ್ಲಾ ಅಂತ ಡಾಕ್ಟರೇ ಹೇಳಿದ್ದಾರೆ, ಅನುಮಾನ ಇದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ.

ಪುಟ್ಟರಾಜಣ್ಣ ತಲೆಯಾಡಿಸಿದ. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ.

ವಾರ ಕಳೆಯುವ ಮೊದಲೇ ಪುಟ್ಟರಾಜಣ್ಣನ ಫೋನು ಬಂತು. ಪೂರಿಗಾಲಿ ಸಂಬಂಧ ಬೇಡವಂತೆ. ನವೀನ ಒಂದು ದಿನ ಊಟ ಬಿಟ್ಟು ಎರಡನೇ ದಿನ ಒಪ್ಪಿಕೊಂಡನಂತೆ. ಅವನಿಗೆ ಸೋದರಮಾವನ ಮಗಳನ್ನೇ ತರುತ್ತಾರಂತೆ.

"ಗೊತ್ತಿರೋ ರಕ್ತ ಕಣ್ಲಾ. ಎದ್ರುಕೆ ಇಲ್ಲ."

ಹೆದರಿಕೆ ಇಲ್ಲವಂತೆ! ಅತ್ತಿಗೆ ಬೇರೆ ಯಾರೂ ಅಲ್ಲ, ಪುಟ್ಟರಾಜಣ್ಣನ ಸ್ವಂತ ಅಕ್ಕನ ಮಗಳು. ಈಗ ಆ ಅತ್ತಿಗೆಯ ತಮ್ಮನ ಮಗಳು ಸೊಸೆಯಾಗಿ ಬರುತ್ತಿದ್ದಾಳೆ. ಯಾವುದಾದರೂ ಜೀನಿನಲ್ಲಿ ದೋಷ ಅಡಗಿದ್ದರೆ, ಅದರ ಎರಡು ಪ್ರತಿ ಒಂದೇ ಮಗುವಿಗೆ ಸೇರುವ ಸಂಭವ ಹೆಚ್ಚಾಗುವುದು ಇಂಥ ಮದುವೆಯಲ್ಲೇ. ಆಗಿಯೇ ತೀರುತ್ತದೆ ಅಂತಲ್ಲ. ಆದರೆ ವಂಶದ ಭಯ ಇರುವವರು ಮೊದಲು ಯೋಚಿಸಬೇಕಾದ್ದು ಇಲ್ಲಿ ತಾನೇ? ಇಷ್ಟನ್ನೂ ಹೇಳಿದೆ. ನಿನ್ನ ಪಾಠ ಕಾಲೇಜಲ್ಲಿ ಇಟ್ಕೋ ಅಂತ ಫೋನ್ ಇಟ್ಟ.

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಬೇಜಾರಾಯಿತು. ಜಯಮ್ಮನವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಒದ್ದಾಡುತ್ತಿದ್ದಾಗ ಆಕೆಯೇ ಫೋನ್ ಮಾಡಿದರು. ಸುದ್ದಿ ಆಗಲೇ ಮುಟ್ಟಿತ್ತು. ನಾನು ಏನೇನೋ ಸಮಾಧಾನ ಹೇಳಲು ಹೊರಟೆ. ಆಕೆ ತಡೆದರು.

"ಮದ್ವೆ ವಿಸ್ಯ ಬುಡಿ ಮೇಸ್ಟ್ರೇ. ನನ್ ಮಗಳ್ಗೆ ಗಂಡು ಸಿಕ್ತದೆ. ಅವತ್ತು ನೀವು ಏಳುದ್ರಲ್ಲ, ಇದು ವಂಸದಿಂದ ಬಂದುದ್ದಲ್ಲ ಅಂತ, ಅದ್ನ ಒಂದ್ಸಲ ನಮ್ಮತ್ತೆ ಮುಂದೆ ಬಂದು ಏಳ್ತೀರಾ?"

ನಾವು ಹೋದ ದಿನ ಅತ್ತೆ ಮಳವಳ್ಳಿಯ ಮಗಳ ಮನೆಯಲ್ಲಿದ್ದರಂತೆ. ಈಗ ಬಂದಿದ್ದಾರೆ. ವಯಸ್ಸಾಗಿದೆ, ಹುಷಾರಿಲ್ಲ. ಅವರು ಕಣ್ಣುಮುಚ್ಚುವ ಮೊದಲು ಈ ಮಾತು ಅವರ ಕಿವಿಗೆ ಬೀಳಬೇಕು, ಅಷ್ಟೇ ಸಾಕು ಎಂದರು ಜಯಮ್ಮ. ನಾನು ಬರುತ್ತೇನೆ ಎಂದೆ.

ಈ ಭಾನುವಾರ ಹೋಗುತ್ತಿದ್ದೇನೆ. ಆ ಮುದುಕಿ ನಂಬಲೂಬಹುದು, ಮೇಷ್ಟ್ರ ಮಾತಲ್ಲವೇ?

ಆದರೆ ಹೆತ್ತವಳು ಇಷ್ಟು ವರ್ಷ ಹೇಳಿದ ಅದೇ ಮಾತನ್ನು ನಂಬದೇ ಹೋದೆವಲ್ಲ, ಆ ದೋಷ ನಮಗೆ ಹುಟ್ಟಿನಿಂದ ಬಂದದ್ದೋ, ವಂಶದಿಂದ ಬಂದದ್ದೋ?