ಹಾಲೆರೆದು ಒಳಗೆ ತಂದ ಹಡಗು

ನಮ್ಮ ಊರು ಬೆಂಗ್ರೆಯ ಎದುರು, ನದಿ ಕಡಲು ಸೇರುವ ಅಳಿವೆಯಾಚೆ ಲಂಗರು ಹಾಕುತ್ತಿದ್ದ ಆ ಉಗಿಹಡಗಿಗೂ ನನ್ನ ಅಜ್ಜಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮುಂಬಯಿಗೆ ಹೊರಟವರು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು, ಕೆಳಗೆ ಹಂಚಿನ ರಾಶಿ ಇರುತ್ತಿತ್ತು. ಅಳಿವೆಯ ಮರಳಿಗೆ ಹೆದರಿ ಹಡಗು ನದಿಯೊಳಗೆ ಬರುತ್ತಿರಲಿಲ್ಲ. ಜನರನ್ನು ಬಂದರಿನ ಧಕ್ಕೆಯಿಂದ ದೋಣಿಯಲ್ಲಿ ಕೊಂಡುಹೋಗಿ ಹಡಗಿನ ಏಣಿ ಹತ್ತಿಸುತ್ತಿದ್ದವರು ನನ್ನ ಸೋದರಮಾವ. ಮುದುಕಿಯರನ್ನು ಕೈಹಿಡಿದು ಹತ್ತಿಸುವಾಗ, "ಹೆದರಬೇಡಿ, ಇವಳು ನಿಮಗಿಂತ ಗಟ್ಟಿ ಉಂಟು" ಎಂದು ತಮಾಷೆ ಮಾಡುತ್ತಿದ್ದರು.

ಬಸ್ಸುಗಳು ಬಂದ ಮೇಲೆ ಪ್ರಯಾಣಿಕರು ಹೋದರು. ಹಡಗು ಬರೀ ಹಂಚು ಹೊತ್ತಿತು. ಎಪ್ಪತ್ತರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ತೆರೆದಾಗ ಹಂಚೂ ಹೋಯಿತು. ಹಡಗು ಹೊರಗೆ ಸುಮ್ಮನೆ ನಿಂತು ತುಕ್ಕು ಹಿಡಿಯಿತು. ಮಾವ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅದನ್ನೇ ನೋಡುತ್ತಿದ್ದರು.

ನಾನಾಗ ದಿನವೂ ನದಿ ದಾಟಿ ಬಂದರಿನ ಒಂದು ಹಡಗು ಏಜೆಂಟರ ಆಫೀಸಿಗೆ ಹೋಗಿ ಟೈಪ್ ಮಾಡುತ್ತಿದ್ದೆ. ಮೂರು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಒಂದು ದಿನ ಧಣಿ ಹೇಳಿ ಬರೆಸಿದ ಕಾಗದದಲ್ಲಿ ಆ ಹಡಗನ್ನು ಒಡೆದು ಗುಜರಿಗೆ ಹಾಕಲು ನದಿಯೊಳಗೆ ತರುವ ವಿಷಯವಿತ್ತು. ಮರಳಿನ ನಡುವಿನ ದಾರಿ ಸರಿಯಾಗಿ ಗೊತ್ತಿದ್ದವರು ಮಾವ ಒಬ್ಬರೇ.

"ರಿಪೇರಿಗೆ ಅಂತ ಹೇಳು" ಎಂದರು ಧಣಿ. "ಒಡೆಯುವುದು ಅಂತ ಗೊತ್ತಾದರೆ ಅವರು ಚುಕ್ಕಾಣಿ ಮುಟ್ಟುವುದಿಲ್ಲ. ನಿನ್ನ ಕಾಯಂ ಮಾಡುವ ವಿಷಯ ನನಗೆ ನೆನಪುಂಟು."

ನಾನು ಒಂದು ರಾತ್ರಿ ನಿದ್ದೆಗೆಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿದ್ದೆಯೇನೂ ಕೆಟ್ಟಿರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ರಿಪೇರಿಯಾ? ಪುನಃ ಓಡ್ತದಾ?" ಮಾವ ಎದ್ದೇ ನಿಂತರು.

"ಓಡ್ತದಂತೆ."

ನಮ್ಮಲ್ಲಿ ಮಳೆಗಾಲ ಮುಗಿದು ದೋಣಿ ಮೊದಲ ಸಲ ಕಡಲಿಗಿಳಿಯುವಾಗ ಅಳಿವೆಯಲ್ಲಿ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ. ಮಾವನ ಕೈಗುಣ ಒಳ್ಳೆಯದೆಂದು ಊರಿನ ಎಲ್ಲ ದೋಣಿಗಳಿಗೂ ಅವರೇ ಬೇಕಿತ್ತು. ಹಡಗು ತರಲು ಗೊತ್ತುಮಾಡಿದ್ದ ಹುಣ್ಣಿಮೆಯ ಬೆಳಿಗ್ಗೆ ಅವರು ಒಗೆದ ಮುಂಡು ಉಟ್ಟು, "ಹಾಲು ಕೊಡು ಮಗಾ, ಇವಳಿಗೂ ಹೊಸ ಹುಟ್ಟು ಅಲ್ಲವಾ" ಎಂದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಚೊಂಬು ತುಂಬಿಸಿ ಕೊಟ್ಟೆ, ಚೆಲ್ಲದ ಹಾಗೆ ಬಾಳೆಲೆ ಮುಚ್ಚಿ ಕೊಟ್ಟೆ.

ಮಧ್ಯಾಹ್ನದ ಉಬ್ಬರಕ್ಕೆ ಖಾಲಿ ಹಡಗು ಹೊಗೆಯುಗುಳುತ್ತಾ ಒಳಗೆ ಬಂತು. ಎಲ್ಲಿಯೂ ಮರಳು ತಾಗಲಿಲ್ಲ. ಎರಡೂ ದಡದಲ್ಲಿ ಜನ ಕೂಗಿದರು. ಅಷ್ಟು ವರ್ಷ ಹೊರಗೇ ನಿಂತಿದ್ದವಳನ್ನು ಮನೆಯೊಳಗೆ ಕರೆತಂದವರ ಹಾಗೆ ಮಾವ ಎದೆಯುಬ್ಬಿಸಿ ನಿಂತಿದ್ದರು.

ನಾಲ್ಕನೆಯ ದಿನ ಗ್ಯಾಸ್ ಕಟ್ಟರ್‌ನವರು ಬಂದರು. ಮೊದಲು ತೆಗೆದದ್ದು ಹೊಗೆಗೊಳವೆಯನ್ನು. ಆಮೇಲೆ ಆ ಏಣಿ. ಮಾವ ದಡದಲ್ಲಿ ಕೂತು ನೋಡಿದರು, ಊಟಕ್ಕೂ ಏಳಲಿಲ್ಲ. ಯಾರಿಗೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು. ಮನೆಯಲ್ಲಿ ಪಾಯಸ ಮಾಡಿದೆವು, ಮಾವನೂ ಉಂಡರು.

ಮುಂದಿನ ವರ್ಷ ನನ್ನ ತಮ್ಮ ಹೊಸ ದೋಣಿ ಮಾಡಿಸಿದ. ಹಾಲಿನ ಚೊಂಬನ್ನು ನಾನೇ ಮಾವನ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಆಫೀಸಿನ ಕಾಗದ ಎಲ್ಲ ನೀನೇ ಟೈಪ್ ಮಾಡುವುದಲ್ಲವಾ?"

"ಹೌದು."

"ಹಾಗಾದರೆ ಹಾಲು ಬೇರೆ ಯಾರಾದರೂ ಎರೆಯಲಿ, ಮಗಾ. ನಮ್ಮಿಬ್ಬರ ಕೈಯೂ ಬೇಡ."